ಮೊದಲು ಶಾಕ್ ಕೊಳ್ಳಿ, ಸ್ಪ್ರಿಂಗ್ ಆಮೇಲೆ ನೋಡೋಣ

ಪ್ರೀತಿಯ ಮಿತ್ರರಿಗೆ,

ನಿಮ್ಮ ಪತ್ರವೂ ಫೋಟೋಗಳೂ ತಲುಪಿದವು. 2008ರ ಸ್ವಿಫ್ಟ್ ಎಂದರೆ ನಂಬುವುದು ಕಷ್ಟ, ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಅಪ್ಪ ಓಡಿಸಿದ ಗಾಡಿಯನ್ನು ಮಾರದೆ, ಹದಿನೈದು ವರ್ಷ ತುಂಬಿದಾಗ ಆರ್‌ಟಿಓ ಮುಂದೆ ನಿಲ್ಲಿಸಿ ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಬಂದಿದ್ದೀರಲ್ಲ, ಅದು ನನಗೆ ತುಂಬಾ ಹಿಡಿಸಿತು.

ನಿಮ್ಮ ಪ್ರಶ್ನೆ ಇಷ್ಟು: ಮುಂದಿನ ಎರಡೂ ಶಾಕ್ ಎಣ್ಣೆ ಸೋರುತ್ತಿವೆ, ಹೇಗೂ ಬಿಚ್ಚಲೇಬೇಕು, ಆಗಲೇ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದರೆ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ, ಯಾವುದನ್ನು ಕೊಳ್ಳಲಿ? ಉತ್ತರವನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ನಾಲ್ಕೂ ಕಡೆ ಹೊಸ ಶಾಕ್ ಹಾಕಿಸಿ, ಮೇಲಿನ ಮೌಂಟ್‌ಗಳನ್ನೂ ಬದಲಿಸಿ. ಸ್ಪ್ರಿಂಗ್ ಈಗಲೇ ಬೇಡ. ಕೂಲಿ ಎರಡು ಸಲ ಕೊಡಬೇಕಾದರೂ ಚಿಂತೆಯಿಲ್ಲ. ಹೀಗೇಕೆ ಹೇಳುತ್ತಿದ್ದೇನೆ ಎನ್ನುವುದಕ್ಕೆ ಸ್ವಲ್ಪ ಉದ್ದದ ಪತ್ರ ಬೇಕು, ಕಾಫಿ ಇಟ್ಟುಕೊಂಡು ಓದಿ.

ನಿಮ್ಮ ಕಾರಿನ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ. ಅರ್ಲ್ ಮ್ಯಾಕ್‌ಫರ್ಸನ್ ಅಮೆರಿಕದ ಎಂಜಿನಿಯರ್. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಕೆಡೆಟ್ ಎಂಬ ಸಣ್ಣ ಕಾರಿಗಾಗಿ ಇಂಥದೊಂದು ಜೋಡಣೆಯ ಮೇಲೆ ಕೆಲಸ ಮಾಡಿದ. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆತ ಫೋರ್ಡ್ ಸೇರಿದ, ವಿಚಾರವೂ ಜೊತೆಗೆ ಹೋಯಿತು. 1950ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳು ಅದನ್ನು ಹೊತ್ತು ಬಂದವು. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಮುಂದೆ ಬೇರೆ ಜೋಡಣೆ ಇರುವುದನ್ನು ಹುಡುಕಿ ತೆಗೆಯಬೇಕು. ಕಾರಣ ಸರಳ: ಜಾಗ ಕಡಿಮೆ ಸಾಕು, ಬಿಡಿಭಾಗ ಕಡಿಮೆ, ಖರ್ಚು ಕಡಿಮೆ. ಅಡ್ಡಲಾಗಿ ಕೂರುವ ಎಂಜಿನ್ನಿಗೆ ಎರಡೂ ಪಕ್ಕದಲ್ಲಿ ಜಾಗ ಸಿಗುತ್ತದೆ.

ಈ ಅಗ್ಗಕ್ಕೆ ಬೆಲೆ ತೆರುವುದು ಶಾಕ್. ಬೇರೆ ಜೋಡಣೆಗಳಲ್ಲಿ ಶಾಕ್ ಅಬ್ಸಾರ್ಬರ್‌ಗೆ ಒಂದೇ ಕೆಲಸ, ಕುಲುಕಾಟ ತಡೆಯುವುದು. ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವುದಕ್ಕೆ ಬೇರೆ ತೋಳುಗಳಿರುತ್ತವೆ. ನಿಮ್ಮ ಕಾರಿನಲ್ಲಿ ಕೆಳಗೆ ಮಾತ್ರ ಒಂದು ಲೋವರ್ ಆರ್ಮ್, ಮೇಲಕ್ಕೆ ಏನೂ ಇಲ್ಲ. ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಭಾರವೆಲ್ಲ ಸ್ಟ್ರಟ್ಟಿನ ಆ ಹೊಳೆಯುವ ಕ್ರೋಮ್ ರಾಡಿನ ಮೇಲೆ. ನೀವು ಆಗುಂಬೆಯ ತಿರುವಿನಲ್ಲಿ ಸ್ಟೇರಿಂಗ್ ಒಡೆದು ತಿರುಗಿಸಿದಾಗ, ಬ್ರೇಕ್ ಒತ್ತಿದಾಗ, ಗುಂಡಿಗೆ ಒಂದು ಚಕ್ರ ಇಳಿದಾಗ ಆ ರಾಡ್ ಪಕ್ಕಕ್ಕೆ ಬಾಗಲು ನೋಡುತ್ತದೆ, ಒಳಗಿನ ಬುಷ್ ಮತ್ತು ಸೀಲ್ ಸವೆಯುತ್ತವೆ. ಎಣ್ಣೆ ಸೋರುವುದು ಆಮೇಲೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಶಾಕ್ ಹೋಗಿದೆ ಎಂದರೆ ಆರಾಮ ಹೋಗಿದೆ ಎಂದಷ್ಟೇ ಅರ್ಥ ಮಾಡಿಕೊಳ್ಳಬೇಡಿ, ಚಕ್ರದ ಹಿಡಿತವೇ ಸಡಿಲವಾಗಿದೆ.

ಹಿಂದಿನ ಚಕ್ರಗಳ ಕಥೆ ಬೇರೆ. ಅಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಟಾರ್ಶನ್ ಬೀಮ್, ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ. ಈ ವ್ಯತ್ಯಾಸ ನೆನಪಿಡಿ, ಸ್ಪ್ರಿಂಗಿನ ಮಾತು ಬಂದಾಗ ಬೇಕಾಗುತ್ತದೆ.

ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಮೆತ್ತಗೆ, ಸ್ಪ್ರಿಂಗ್ ಗಟ್ಟಿ ಎಂದೇ ಮಾತು ನಡೆಯುತ್ತದೆ. ಕಾರು ಹೇಗೆ ಓಡುತ್ತದೆ ಎನ್ನುವುದನ್ನು ತೀರ್ಮಾನಿಸುವ ದೊಡ್ಡ ಪಾಲು ಶಾಕ್‌ನದು. ಸ್ಪ್ರಿಂಗ್ ತೂಗುಮಣೆ ಇದ್ದ ಹಾಗೆ, ಒಮ್ಮೆ ನೂಕಿದರೆ ತನ್ನಷ್ಟಕ್ಕೆ ಆಡುತ್ತಲೇ ಇರುತ್ತದೆ. ಹಿಡಿದು ನಿಲ್ಲಿಸುವ ಕೈ ಶಾಕ್. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತು ಮತ್ತು ವಾಲ್ವ್. ಎಣ್ಣೆ ಒತ್ತಡದಲ್ಲಿ ಆ ತೂತು ದಾಟುವಾಗ ಕುಲುಕಾಟದ ಶಕ್ತಿ ಶಾಖವಾಗಿ ಹೋಗುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಓಡಿಬಂದ ಕಾರಿನ ಶಾಕ್ ಮುಟ್ಟಿದರೆ ಬಿಸಿ ತಾಗುವುದು ಅದಕ್ಕೇ.

ಶಾಕ್ ಎರಡು ದಿಕ್ಕಿನಲ್ಲೂ ತಡೆಯುತ್ತದೆ, ಆದರೆ ಸಮನಾಗಿ ಅಲ್ಲ. ಚಕ್ರ ಮೇಲೇರುವಾಗ ಕಡಿಮೆ, ಸ್ಪ್ರಿಂಗ್ ಹಿಗ್ಗಿ ಕಾರನ್ನು ಮೇಲಕ್ಕೆ ಎಸೆಯುವಾಗ ಹೆಚ್ಚು. ಹಂಪ್ ದಾಟಿದ ಮೇಲೆ ಕಾರಿನ ಮೂತಿ ಎರಡು ಮೂರು ಸಲ ತಲೆಯಾಡಿಸಿದರೆ ಹಿಗ್ಗುವ ದಿಕ್ಕಿನ ತಡೆ ಹೋಗಿದೆ ಎಂದು ಅರ್ಥ. ಬಾನೆಟ್ ಮೇಲೆ ಕೈಯೂರಿ ಒತ್ತಿ ನೋಡುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಆದರೆ ಪೂರಾ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ. ಟೈರಿನ ಮೇಲೆ ಅಂಗೈ ಸವರಿ ನೋಡಿ, ಸುತ್ತಲೂ ಅಲ್ಲಲ್ಲಿ ಹಳ್ಳ ದಿಣ್ಣೆ ಸಿಕ್ಕರೆ ಅದು ಹೆಚ್ಚು ನಂಬುವಂಥ ಸಾಕ್ಷಿ.

ಈಗ ಯಾವ ಶಾಕ್? ನಿಮ್ಮ ಓಡಾಟ ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಹೆಬ್ರಿಗೆ, ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೆ ಎಂದು ಬರೆದಿದ್ದೀರಿ. ಅದಕ್ಕೆ ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್ ಶಾಕ್ ಸಾಕು, ಅದೇ ಸರಿ. ಹೆಸರೇ ಹೇಳುವಂತೆ ಕೊಳವೆಯೊಳಗೆ ಕೊಳವೆ. ಒಳಗಿನದರಲ್ಲಿ ಪಿಸ್ಟನ್, ಹೊರಗಿನದರಲ್ಲಿ ಹೆಚ್ಚುವರಿ ಎಣ್ಣೆ ಮತ್ತು ಅದರ ಮೇಲೆ ಸಣ್ಣ ಒತ್ತಡದ ನೈಟ್ರೋಜನ್. ಗ್ಯಾಸ್ ಇರುವುದು ಕಾರನ್ನು ಹೊರಲಿಕ್ಕೆ ಎಂದು ಕೆಲವರು ತಿಳಿದಿದ್ದಾರೆ. ಎಣ್ಣೆ ನೊರೆಯಾಗದಂತೆ ಒತ್ತಿಹಿಡಿಯುವುದು ಅದರ ಕೆಲಸ. ನೊರೆಯೆದ್ದ ಎಣ್ಣೆ ತೂತಿನಲ್ಲಿ ಸಲೀಸಾಗಿ ನುಗ್ಗಿ ಹೋಗುತ್ತದೆ, ತಡೆ ಕಳೆದುಹೋಗುತ್ತದೆ.

ಮಾನೋಟ್ಯೂಬ್ ಎನ್ನುವುದು ಇನ್ನೊಂದು ಜಾತಿ. ಒಂದೇ ಕೊಳವೆ, ತೇಲುವ ಇನ್ನೊಂದು ಪಿಸ್ಟನ್ನಿನ ಆಚೆ 20 ಬಾರ್‌ಗೂ ಮೇಲ್ಪಟ್ಟ ಒತ್ತಡದ ಗ್ಯಾಸ್. ಶಾಖ ಬೇಗ ಹೊರಗೆ ಹೋಗುತ್ತದೆ, ಹಿಡಿತ ಖಚಿತ. ಜರ್ಮನಿಯ ಬಿಲ್‌ಸ್ಟೈನ್ ಇದನ್ನು 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ತಂದಿತು. ಆ ಸಂಸ್ಥೆ ಸ್ಟ್ರಟ್ ಮಾಡುವಾಗ ಶಾಕನ್ನು ತಲೆಕೆಳಗಾಗಿ ಕೂರಿಸುತ್ತದೆ, ಪಕ್ಕದ ಭಾರವನ್ನು ತೆಳ್ಳನೆಯ ರಾಡಿನ ಬದಲು ದಪ್ಪ ಕೊಳವೆ ಹೊರಲಿ ಎಂದು. ಮೇಲೆ ಹೇಳಿದ ಮ್ಯಾಕ್‌ಫರ್ಸನ್ ದೌರ್ಬಲ್ಯಕ್ಕೆ ಅದೇ ತಕ್ಕ ಮದ್ದು, ಒಪ್ಪುತ್ತೇನೆ. ಆದರೆ ಕಾರಿನ ಬೆಲೆಯ ದೊಡ್ಡ ಭಾಗವನ್ನು ಶಾಕಿಗೆ ಸುರಿಯುವ ಮನಸ್ಸು ನಿಮಗಿದ್ದರೂ ಆಗುಂಬೆಯ ಹದಿನಾಲ್ಕು ತಿರುವುಗಳಿಗೆ ಅಷ್ಟು ಬೇಕಿಲ್ಲ. ಅಲ್ಲಿ ವೇಗವೇ ಇರುವುದಿಲ್ಲ, ಎದುರಿಗೆ ಮಿನಿಬಸ್ಸು ಇರುತ್ತದೆ.

ನೆದರ್‌ಲ್ಯಾಂಡ್ಸಿನ ಕೋನಿಯ ಹಳದಿ ಶಾಕ್ ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿ ಹಿಗ್ಗುವ ದಿಕ್ಕಿನ ತಡೆಯನ್ನು ತಿರುಪಿ ಹೆಚ್ಚು ಕಡಿಮೆ ಮಾಡಬಹುದು, ಗಟ್ಟಿ ಸ್ಪ್ರಿಂಗ್ ಹಾಕುವವರಿಗೆ ದೊಡ್ಡ ಅನುಕೂಲ. (ಆ ಕಂಪನಿ 1857ರಲ್ಲಿ ಕುದುರೆಯ ಜೀನು, ಲಗಾಮು ಮಾಡುವ ಅಂಗಡಿಯಾಗಿ ಶುರುವಾದದ್ದು. ಕುಲುಕಾಟದ ಕಸುಬು ಅವರಿಗೆ ಹೊಸದಲ್ಲ.) ಆದರೆ ಸಮುದ್ರ ದಾಟಿ ಬಂದ ಶಾಕ್ ಸೋರಿದರೆ ಅದನ್ನು ಸರಿಮಾಡುವವರು ತೀರ್ಥಹಳ್ಳಿಯಲ್ಲಿ ಯಾರು? ಹೊರಗಿನದೇ ಬೇಕೆಂಬ ಹಟವಿದ್ದರೆ ಜಪಾನಿನ ಕೆವೈಬಿಯ ಎಕ್ಸೆಲ್-ಜಿ ಸಾಲು ನೋಡಿ, ಕಾರಿನ ಮೂಲ ನಡತೆಯನ್ನು ಮರಳಿ ಕೊಡುವುದೇ ಅದರ ಗುರಿ. ಇಲ್ಲದಿದ್ದರೆ ಮಾರುತಿಯ ಜೆನ್ಯೂನ್ ಪಾರ್ಟ್ ಅಥವಾ ಗೇಬ್ರಿಯಲ್. ಗೇಬ್ರಿಯಲ್ ಇಂಡಿಯಾ 1961ರಿಂದ ಈ ದೇಶದ ರಸ್ತೆಗೆ ಶಾಕ್ ಮಾಡುತ್ತಿದೆ, ಅವರದೊಂದು ಕಾರ್ಖಾನೆ ಹೊಸೂರಿನಲ್ಲೇ ಇದೆ. ನಾನಾದರೆ ಇವೆರಡರಲ್ಲಿ ಒಂದನ್ನು ತರುತ್ತೇನೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೊಳ್ಳುವುದಾದರೆ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಡಬ್ಬಿ ಅಸಲಿ, ಒಳಗಿನದು ನಕಲಿ ಎನ್ನುವ ವ್ಯಾಪಾರಕ್ಕೆ ಶಾಕ್ ಹೇಳಿಮಾಡಿಸಿದ ಸಾಮಾನು, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕರಿಯ ಕೊಳವೆ.

ಇನ್ನು ಸ್ಪ್ರಿಂಗ್. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಚಕ್ರಕ್ಕೂ ಫೆಂಡರಿಗೂ ನಡುವೆ ನಾಲ್ಕು ಬೆರಳು ತೂರುವ ಆ ಸಂದು ಸ್ವಿಫ್ಟಿನ ರೂಪಕ್ಕೆ ಒಪ್ಪುವುದಿಲ್ಲ. ಸ್ವಲ್ಪ ತಗ್ಗಿಸಿದರೆ ಕಾರು ರಸ್ತೆಗೆ ಅಂಟಿ ಕೂತಂತೆ ಕಾಣುತ್ತದೆ. ಕಾಣುವುದಕ್ಕಾಗಿಯೇ ತಗ್ಗಿಸುತ್ತೇನೆ ಎಂದು ಒಪ್ಪಿಕೊಳ್ಳುವವರ ಮೇಲೆ ನನಗೆ ಗೌರವವಿದೆ. ರೋಡ್ ಗ್ರಿಪ್ಪಿಗಾಗಿ ಎನ್ನುವವರ ಜೊತೆ ಮಾತ್ರ ಸ್ವಲ್ಪ ವಾದ ಮಾಡಬೇಕಾಗುತ್ತದೆ.

ಸುರುಳಿ ಸ್ಪ್ರಿಂಗಿನ ಗಟ್ಟಿತನ ಮೂರು ಅಳತೆಯಿಂದ ಬರುತ್ತದೆ: ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತಿನ ಸಂಖ್ಯೆ. ತಂತಿಯ ದಪ್ಪದ ಪ್ರಭಾವ ನಾಲ್ಕನೇ ಘಾತದಲ್ಲಿ. ಅಂದರೆ 12 ಮಿಲಿಮೀಟರಿನ ತಂತಿ 13 ಆದರೆ, ಉಳಿದದ್ದೆಲ್ಲ ಅಷ್ಟೇ ಇದ್ದರೂ ಸ್ಪ್ರಿಂಗ್ ಸುಮಾರು 38% ಗಟ್ಟಿಯಾಗುತ್ತದೆ. ಕಣ್ಣಳತೆಗೆ ಗೊತ್ತೂ ಆಗದ ಒಂದು ಮಿಲಿಮೀಟರ್! ಸುತ್ತು ಕಡಿಮೆಯಾದಷ್ಟೂ ಗಟ್ಟಿ: ಐದು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ನಾಲ್ಕು ಸುತ್ತು 25% ಗಟ್ಟಿ. ನಿಮ್ಮ ಮೆಕ್ಯಾನಿಕ್ ಖರ್ಚಿಲ್ಲದೆ ಒಂದು ಸುತ್ತು ಕಟ್ ಮಾಡಿಕೊಡುತ್ತೇನೆ ಎಂದಿದ್ದಾರಂತೆ. ಬೇಡ ಎನ್ನಿ. ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂರುವಂತೆ ಸ್ಪ್ರಿಂಗಿನ ತುದಿಯನ್ನು ಕಾರ್ಖಾನೆಯಲ್ಲಿ ರೂಪಿಸಿರುತ್ತಾರೆ, ಕತ್ತರಿಸಿದ ತುದಿ ಅಲ್ಲಿ ಕೂರುವುದಿಲ್ಲ. ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ತಗ್ಗಿಸುವುದು ಇನ್ನೂ ಕೆಟ್ಟದ್ದು. ಉಕ್ಕಿಗೆ ಹದ ಕೊಟ್ಟ ಶಾಖಚಿಕಿತ್ಸೆ ಅಲ್ಲಿಗೆ ಹಾಳು, ಆಮೇಲೆ ಆ ಸ್ಪ್ರಿಂಗ್ ದಿನಕ್ಕಿಷ್ಟು ಕುಸಿಯುತ್ತಲೇ ಹೋಗುತ್ತದೆ, ಅಥವಾ ಒಂದು ದಿನ ಮುರಿಯುತ್ತದೆ.

ಹಿಂದಿನ ಸ್ಪ್ರಿಂಗ್ ಬೇರೆಯಾಗಿದೆ ಎಂದೆನಲ್ಲ, ಅಲ್ಲಿ ಅಪಾಯ ಇನ್ನಷ್ಟು. ಅದನ್ನು ಅದರ ಜಾಗದಲ್ಲಿ ಹಿಡಿದಿರುವುದು ಒತ್ತಡ ಮಾತ್ರ. ಕಾರಿನ ಹಿಂಭಾಗ ಮೇಲೆದ್ದು ಚಕ್ರ ಜೋತುಬಿದ್ದಾಗ ಕತ್ತರಿಸಿದ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ಒಳ್ಳೆಯ ಲೋವರಿಂಗ್ ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುತ್ತುಗಳು ಒತ್ತೊತ್ತಾಗಿ ಇರುವುದನ್ನು ನೋಡಿರುತ್ತೀರಿ. ಅವು ಭಾರ ಬಿದ್ದಾಗ ಒಂದರ ಮೇಲೊಂದು ಕೂತುಬಿಡುತ್ತವೆ, ದುಡಿಯುವ ಸುತ್ತು ಕಡಿಮೆಯಾಗಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಚಕ್ರ ಜೋತಾಗ ಅವೇ ಬಿಚ್ಚಿಕೊಂಡು ಸ್ಪ್ರಿಂಗನ್ನು ಎರಡೂ ತಟ್ಟೆಗಳ ನಡುವೆ ಬಿಗಿಯಾಗಿ ಹಿಡಿದಿರುತ್ತವೆ. ಐಬಾಕ್, ಎಚ್ ಅಂಡ್ ಆರ್ ಎಂಬ ಹೆಸರುಗಳನ್ನು ನೀವೇ ಬರೆದಿದ್ದೀರಿ. ಎರಡೂ ಜರ್ಮನಿಯವು, ಅಕ್ಕಪಕ್ಕದ ಊರಿನವು. ಅವರ ಸ್ಪ್ರಿಂಗಿಗೆ ಹಣ ಕೊಡುವುದು ಈ ಲೆಕ್ಕಾಚಾರಕ್ಕೆ.

ಆದರೆ ಡಬ್ಬಿಯ ಮೇಲೆ 30 ಮಿಲಿಮೀಟರ್ ತಗ್ಗು ಎಂದು ಬರೆದಿದ್ದರೆ ಅದು ಯಾವ ಎತ್ತರದಿಂದ 30 ಎಂದು ಕೇಳಿಕೊಳ್ಳಿ. ಯುರೋಪಿನ ಸ್ವಿಫ್ಟಿಗೆ ಎಂದು ಮಾಡಿದ್ದು ನಮ್ಮ ಸ್ವಿಫ್ಟಿಗೆ ಅದೇ ಅಂಕಿಯಲ್ಲಿ ಕೂರಬೇಕೆಂದಿಲ್ಲ. ಇನ್ನೊಂದು: ನಿಮ್ಮದು ಪೆಟ್ರೋಲ್. ಡೀಸೆಲ್ ಸ್ವಿಫ್ಟಿನ ಎಂಜಿನ್ ಹೆಚ್ಚು ತೂಕದ್ದು, ಅದರ ಮುಂದಿನ ಸ್ಪ್ರಿಂಗ್ ಬೇರೆ. ಅಂಗಡಿಯವರು ಎಲ್ಲಾ ಒಂದೇ ಸಾರ್ ಎಂದರೆ ನಗುನಗುತ್ತಾ ಬೇರೆ ಅಂಗಡಿಗೆ ಹೋಗಿ.

ಈಗ ನಮ್ಮ ಹಂಪ್‌ಗಳ ವಿಚಾರ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಒಂದು ತಮಾಷೆ ಕಂಡಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಲು ಅದನ್ನು ರೂಪಿಸಿದ್ದಾರೆ. ನಿಮ್ಮ ಕಾರಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 2,390 ಮಿಲಿಮೀಟರ್. ಅಂದರೆ ಹಂಪಿನ ನೆತ್ತಿ ಕಾರಿನ ಹೊಟ್ಟೆಯ ಕೆಳಗೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ, ಕಾರೂ ಜೊತೆಗೇ ಮೇಲೇರಿರುತ್ತದೆ. ಚಕ್ರಗಳಿಗಿಂತ ನೆತ್ತಿ ಎತ್ತರ ಇರುವುದು ಬರೀ 42 ಮಿಲಿಮೀಟರ್. 170 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರು ಅಲ್ಲಿ ತಾಗುವ ಮಾತೇ ಇಲ್ಲ, 30 ಮಿಲಿಮೀಟರ್ ತಗ್ಗಿಸಿದರೂ ತಾಗುವುದಿಲ್ಲ.

ತಾಗುವುದು ಊರವರೇ ಸೇರಿ ರಾತ್ರೋರಾತ್ರಿ ಹಾಕಿದ ಹಂಪಿಗೆ. ಅರ್ಧ ಮೀಟರ್ ಅಗಲ, ಗೇಣುದ್ದ ಎತ್ತರ, ಬಣ್ಣವಿಲ್ಲ, ಫಲಕವಿಲ್ಲ. ಅದು ಎರಡು ಚಕ್ರಗಳ ನಡುವೆ ಪೂರ್ತಿಯಾಗಿ ಬಂದು ನಿಲ್ಲುವುದರಿಂದ ಅದರ ಇಡೀ ಎತ್ತರ ಹೊಟ್ಟೆಗೇ. ಈಗ ಅತ್ತೆ ಮನೆಗೆ ಹೊರಟಿದ್ದೀರಿ ಎನ್ನಿ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಬ್ಯಾಗು, ಬರುವಾಗ ಹಲಸು, ತೆಂಗಿನಕಾಯಿ. ಹಿಂದಿನ ಒಂದೊಂದು ಚಕ್ರದ ಮೇಲೆ 100 ಕಿಲೋ ಹೆಚ್ಚಿದರೆ, ಸ್ಪ್ರಿಂಗ್ ಮಿಲಿಮೀಟರಿಗೆ ಸುಮಾರು 2 ಕಿಲೋ ತಾಳುತ್ತದೆ ಎಂದು ಹಿಡಿದರೂ ಹಿಂಭಾಗ 50 ಮಿಲಿಮೀಟರ್ ಇಳಿಯಿತು. ಮುಂಭಾಗವೂ ಒಂದಿಷ್ಟು ಇಳಿದು ನಡುಹೊಟ್ಟೆಯ ಹತ್ತಿರ ಉಳಿದದ್ದು 140ರ ಆಸುಪಾಸು. ಅದರಲ್ಲಿ 30 ತೆಗೆದರೆ 110. ಊರ ಹಂಪ್ 12 ಸೆಂಟಿಮೀಟರ್ ಇದ್ದರೂ ಸೈಲೆನ್ಸರ್ ಕಿರುಚುತ್ತದೆ. ತಗ್ಗಿಸದ ಕಾರು ಅದೇ ಹಂಪನ್ನು ಉಸಿರು ಬಿಗಿಹಿಡಿದು ದಾಟುತ್ತಿತ್ತು. ಈ ಲೆಕ್ಕವೇ ನನ್ನ ಸಲಹೆಯ ಮುಖ್ಯ ಆಧಾರ: ನಿಮ್ಮ ರಸ್ತೆಗೆ, ನಿಮ್ಮ ಸಂಸಾರಕ್ಕೆ 25 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸುವುದು ನಡೆಯುವ ಮಾತಲ್ಲ. ಆ 25 ಕೂಡ ಇನ್ನೊಮ್ಮೆ ಯೋಚಿಸಬೇಕಾದ ಅಂಕಿ.

ರೋಡ್ ಗ್ರಿಪ್ ವಾದದ ವಿಷಯ ಬಾಕಿ ಉಳಿಯಿತು. ಕಾರು ತಗ್ಗಿದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮ್ಯಾಕ್‌ಫರ್ಸನ್ ಕಾರಿನಲ್ಲಿ ಇದು ಅರ್ಧ ಮಾತ್ರ ನಿಜ. ಕಾರು ವಾಲುವಾಗ ರೋಲ್ ಸೆಂಟರ್ ಎಂಬ ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ. ಆ ಬಿಂದು ಎಲ್ಲಿದೆ ಎನ್ನುವುದು ಲೋವರ್ ಆರ್ಮಿನ ಓರೆಯಿಂದ ನಿರ್ಧಾರವಾಗುತ್ತದೆ. ಕಾರು ತಗ್ಗಿದಾಗ ಆರ್ಮಿನ ಚಕ್ರದ ಕಡೆಯ ತುದಿ ಮೇಲೆ ಹೋಗುತ್ತದೆ, ರೋಲ್ ಸೆಂಟರ್ ಕಾರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ತೂಕದ ಕೇಂದ್ರಕ್ಕೂ ಆ ಬಿಂದುವಿಗೂ ಅಂತರ ಹೆಚ್ಚಿ ಕಾರನ್ನು ವಾಲಿಸುವ ಸನ್ನೆ ಉದ್ದವಾಯಿತು. ಸ್ಪ್ರಿಂಗ್ ಗಟ್ಟಿ ಮಾಡಿದ್ದರಲ್ಲಿ ಒಂದು ಪಾಲು ಈ ನಷ್ಟ ತುಂಬುವುದಕ್ಕೇ ಖರ್ಚಾಗುತ್ತದೆ. ಅದೇ ಆರ್ಮಿನ ಓರೆ ಬದಲಾದದ್ದರಿಂದ ಚಕ್ರದ ಟೋ (ಮೇಲಿನಿಂದ ನೋಡಿದರೆ ಕಾಣುವ ಓರೆ), ಕ್ಯಾಂಬರ್ (ಎದುರಿನಿಂದ ನೋಡಿದರೆ ಕಾಣುವ ಓರೆ) ಎರಡೂ ಬದಲಾಗಿ ಟೈರಿನ ಒಳಅಂಚು ಸವೆಯತೊಡಗುತ್ತದೆ. ಟೋ ಸರಿಮಾಡಿಸಬಹುದು, ಹಿಂದಿನ ಬೀಮ್‌ನಲ್ಲಿ ಅದೂ ಆಗದು.

ಚಕ್ರ ಮೇಲೇರಲು ಇರುವ ಜಾಗದ ಬಗ್ಗೆಯೂ ಒಂದು ಮಾತು. ಖಾಲಿ ಕಾರಿನಲ್ಲಿ ಬಂಪ್ ಸ್ಟಾಪರ್ ಎಂಬ ಕೊನೆಯ ತಡೆ ತಾಗುವ ಮೊದಲು 80 ಮಿಲಿಮೀಟರ್ ಇದೆ ಎಂದುಕೊಳ್ಳಿ. 30 ತಗ್ಗಿಸಿದಿರಿ, 50 ಉಳಿಯಿತು. ಶಾಕ್‌ನ ರಾಡ್ ಯಾವಾಗಲೂ ತಳದ ಹತ್ತಿರವೇ ಆಡುತ್ತಿರುತ್ತದೆ. ಬಿಲ್‌ಸ್ಟೈನ್‌ನವರು ಮೂಲ ಎತ್ತರದ ಕಾರಿಗೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡನೆಯ ಬಿ8 ಎಂದು ಎರಡು ಮಾಡುವುದು ಈ ಕಾರಣಕ್ಕೆ. ಮಿತವಾಗಿ ತಗ್ಗಿಸಿದರೆ ಸಾಮಾನ್ಯ ಶಾಕ್ ಸಾಕು. ಗಟ್ಟಿತನದ ಲೆಕ್ಕವೂ ಅಲ್ಲಿ ಹೊಂದುತ್ತದೆ: ಸ್ಪ್ರಿಂಗ್ 30% ಗಟ್ಟಿಯಾದರೆ ಶಾಕ್‌ನ ತಡೆ ಹೆಚ್ಚಬೇಕಾದದ್ದು ಸುಮಾರು 14% ಅಷ್ಟೇ, ಅದು ವರ್ಗಮೂಲದಲ್ಲಿ ಹೋಗುತ್ತದೆ. ಹೊಸ ಶಾಕ್ ಇಷ್ಟನ್ನು ಸುಧಾರಿಸಿಕೊಂಡೀತು. ಹದಿನೇಳು ವರ್ಷದ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದವರ ಕಾರು ಮಾತ್ರ ಹೆದ್ದಾರಿಯಲ್ಲಿ ಚೆಂಡಿನ ಹಾಗೆ ಪುಟಿಯುತ್ತದೆ. ಮೊದಲು ಶಾಕ್ ಎಂದದ್ದು ಇದಕ್ಕೂ ಸೇರಿಸಿ.

ಕಾನೂನನ್ನು ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡದ ಮಾತು ಬಂತು, ಆರು ತಿಂಗಳವರೆಗೆ ಜೈಲಿನ ಮಾತೂ ಇದೆ. ಆರ್‌ಸಿಯಲ್ಲಿ ಸ್ಪ್ರಿಂಗಿನ ಹೆಸರು ಇರುವುದಿಲ್ಲ ನಿಜ. ಆದರೆ 2028ರಲ್ಲಿ ನಿಮ್ಮ ಕಾರು ಮತ್ತೆ ತಪಾಸಣೆಗೆ ನಿಲ್ಲಬೇಕು, ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಕೆಳಗೆ ಬಗ್ಗಿ ನೋಡುತ್ತಾರೆ. ಮುಂದೆಂದಾದರೂ ತಗ್ಗಿಸುವ ಮನಸ್ಸಾದರೆ ಮೊದಲು ಆರ್‌ಟಿಓದಲ್ಲಿ ಕೇಳಿ, ಹಳೆಯ ಸ್ಪ್ರಿಂಗ್ ಗುಜರಿಗೆ ಹಾಕಬೇಡಿ.

ಈಗ ಗ್ಯಾರೇಜಿನಲ್ಲಿ ನೀವು ನಿಂತು ನೋಡಬೇಕಾದ ಕೆಲಸ. ಸ್ಟ್ರಟ್ ಜೊತೆ ಮೇಲಿನ ರಬ್ಬರ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್ ಎಲ್ಲ ಹೊಸದು ಹಾಕಿಸಿ. ಸ್ಟೇರಿಂಗ್ ತಿರುಗಿಸುವಾಗ ಕಟ್ ಕಟ್ ಎನ್ನುತ್ತದೆ ಎಂದು ಬರೆದಿದ್ದೀರಿ, ಬಹುಮಟ್ಟಿಗೆ ಆ ಬೇರಿಂಗೇ. ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ ಕೈಯಲ್ಲಿ ಕೆಲವು ಸಲ ಪೂರ್ತಿ ಒತ್ತಿ ಎಳೆದು ಗಾಳಿಗುಳ್ಳೆ ಬಿಡಿಸಿಯೇ ಜೋಡಿಸಬೇಕು. ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗುತ್ತದೆಂದು ಇಕ್ಕಳದಲ್ಲಿ ಹಿಡಿಯಲು ಹೋದರೆ ಅಲ್ಲೇ ತಡೆಯಿರಿ. ಕ್ರೋಮ್ ಮೇಲೆ ಬಿದ್ದ ಒಂದು ಗೀರು ಸೀಲನ್ನು ಹರಿದುಹಾಕುತ್ತದೆ, ಹೊಸ ಶಾಕ್ ಸ್ವಲ್ಪ ದಿನದಲ್ಲೇ ಸೋರುತ್ತದೆ, ಬೈಗುಳ ಕಂಪನಿಗೆ ಹೋಗುತ್ತದೆ. ಸ್ಪ್ರಿಂಗನ್ನು ಬಿಚ್ಚುವುದು ಸರಿಯಾದ ಕಂಪ್ರೆಸರ್ ಕ್ಲ್ಯಾಂಪಿನಲ್ಲೇ ಆಗಬೇಕು. ಹಗ್ಗ, ತಂತಿ ಕಟ್ಟಿ ಬಿಚ್ಚುವ ಧೈರ್ಯವಂತರ ಹತ್ತಿರ ನಿಲ್ಲಲೂಬೇಡಿ, ಅದುಮಿದ ಸ್ಪ್ರಿಂಗ್ ತಪ್ಪಿದರೆ ಪ್ರಾಣ ತೆಗೆಯಬಲ್ಲದು.

ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ. ಲೋವರ್ ಆರ್ಮಿನ ಬುಷ್, ಹಿಂದಿನ ಬೀಮ್ ಬುಷ್, ಇವುಗಳ ಬೋಲ್ಟನ್ನು ಸಡಿಲಿಸಿದ್ದರೆ ಕೊನೆಯ ಬಿಗಿತವನ್ನು ಕಾರು ಜ್ಯಾಕಿನಿಂದ ಇಳಿದು ಚಕ್ರದ ಮೇಲೆ ನಿಂತ ಮೇಲೆಯೇ ಕೊಡಬೇಕು. ಚಕ್ರ ಜೋತಿರುವಾಗ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ, ಕೆಳಗಿಳಿದಾಗ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ ಅಂಕಿಗಳ ಚೀಟಿ ಕೇಳಿ ಪಡೆಯಿರಿ. ಹೆಡ್‌ಲೈಟಿನ ಎತ್ತರವನ್ನೂ ಒಮ್ಮೆ ನೋಡಿಸಿಬಿಡಿ.

ನನ್ನಿಂದ ಒಂದೇ ಕೋರಿಕೆ. ಕಾರು ಗ್ಯಾರೇಜಿಗೆ ಹೋಗುವ ಮುನ್ನ ಸಮನಾದ ನೆಲದ ಮೇಲೆ ನಿಲ್ಲಿಸಿ, ಟೇಪು ಹಿಡಿದು ನಾಲ್ಕೂ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಇಷ್ಟು ವರ್ಷ ದುಡಿದ ಸ್ಪ್ರಿಂಗ್ ತಾನಾಗಿಯೇ ಕುಸಿದಿರಲೂಬಹುದು. ಎಡಬಲಗಳ ನಡುವೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಶಾಕ್ ಜೊತೆ ಮೂಲ ಸ್ಪ್ರಿಂಗನ್ನೂ ಜೋಡಿಯಾಗಿ ಹೊಸದು ಹಾಕಿಸಬೇಕಾಗುತ್ತದೆ. ಹೊಸ ಶಾಕ್ ಕೂತ ಮೇಲೆ ಮತ್ತೊಮ್ಮೆ ಅಳೆಯಿರಿ. ಆ ಕಾರಿನಲ್ಲಿ ಒಂದು ಮಳೆಗಾಲ ಆಗುಂಬೆ ಇಳಿದು ಹತ್ತಿ ನೋಡಿ. ಆಗಲೂ ಫೆಂಡರಿನ ಸಂದು ಕಣ್ಣಿಗೆ ಚುಚ್ಚುತ್ತಿದ್ದರೆ ಎಂಟೂ ಅಂಕಿಗಳನ್ನು ನನಗೆ ಬರೆದು ಕಳಿಸಿ, 25 ಮಿಲಿಮೀಟರಿನ ಮಾತನ್ನು ಆಗ ಆಡೋಣ.



ಇಂತಿ ನಿಮ್ಮ ಗೆಳೆಯ